ಮೂವತ್ತು ಕಂಪ್ಯೂಟರು, ಒಂದೇ ದೂರು: "ಸರ್, ಪೋರ್ಟ್ ತೋರಿಸ್ತಿಲ್ಲ"

ಶನಿವಾರ ಬೆಳಿಗ್ಗೆ 9.30ಕ್ಕೆ ಶುರು. 10 ಗಂಟೆಯೊಳಗೆ ಎಲ್ಲರ ಕಂಪ್ಯೂಟರಿನಲ್ಲೂ ಸಾಫ್ಟ್‌ವೇರ್ ಕೂತಿರಬೇಕು. 10.30ಕ್ಕೆ ಎಲ್ಲರ ಬೋರ್ಡಿನ ನೀಲಿ ದೀಪ ಮಿನುಗಬೇಕು. ಆಮೇಲೆ ಟೀ. ಇದು ನಾನು ಹಾಕಿಕೊಂಡಿದ್ದ ಲೆಕ್ಕ. ಕೊನೆಯ ಕಂಪ್ಯೂಟರಿನಲ್ಲಿ ದೀಪ ಮಿನುಗಿದ್ದು ಸಂಜೆ 4.45ಕ್ಕೆ. ಅಷ್ಟರಲ್ಲಿ ಟೀ ಎರಡು ಸಲ, ಊಟ ಒಂದು ಸಲ ಆಗಿತ್ತು.

ಮಲೆನಾಡಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಎರಡು ದಿನದ ಕಾರ್ಯಾಗಾರ. ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಜೋಡಿಸಿ, ಅದರ ಅಂಕಿಯನ್ನು ವೈಫೈ ಮೂಲಕ ಫೋನಿಗೆ ಕಳಿಸುವುದು ಗುರಿ. ವಿದ್ಯಾರ್ಥಿಗಳ ಲ್ಯಾಪ್‌ಟಾಪ್ 22. ಅದರಲ್ಲಿ ವಿಂಡೋಸ್ 17, ಮ್ಯಾಕ್ 3, ಉಬುಂಟು 2. ಲ್ಯಾಪ್‌ಟಾಪ್ ಇಲ್ಲದವರಿಗೆ ಕಾಲೇಜಿನ ಲ್ಯಾಬಿನ 8 ಡೆಸ್ಕ್‌ಟಾಪ್, ಎಲ್ಲದರಲ್ಲೂ ಉಬುಂಟು 22.04. ಒಟ್ಟು 30 ಯಂತ್ರ. ಬೋರ್ಡುಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು ಕಂತಿನಲ್ಲಿ ತಂದಿದ್ದೆ. ನೋಡೋಕೆ ಎರಡೂ ಒಂದೇ ಥರ. ಒಳಗೆ ಒಂದು ಚಿಕ್ಕ ವ್ಯತ್ಯಾಸ ಇತ್ತು. ಅದಕ್ಕೆ ಆಮೇಲೆ ಬರ್ತೇನೆ.

ಆ ದಿನ ನನ್ನ ಕಿವಿಗೆ ಜಾಸ್ತಿ ಬಿದ್ದ ಮಾತು ಒಂದೇ: "ಸರ್, ಪೋರ್ಟ್ ತೋರಿಸ್ತಿಲ್ಲ." ಪೋರ್ಟ್ ಅಂದರೆ ಬೋರ್ಡ್ ಚುಚ್ಚಿದಾಗ ಕಂಪ್ಯೂಟರಿನಲ್ಲಿ ಮೂಡುವ ಅದರ ವಿಳಾಸ. ವಿಂಡೋಸಿನವರೂ ಹೇಳಿದರು, ಮ್ಯಾಕಿನವರೂ ಹೇಳಿದರು, ಉಬುಂಟುವಿನವರೂ ಹೇಳಿದರು. ಜ್ವರ ಅಂತ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ಹಾಗೆ ನಾನೂ ಮೊದಲ ಒಂದು ಗಂಟೆ ಎಲ್ಲರಿಗೂ ಡ್ರೈವರ್, ಅಂದರೆ ಬೋರ್ಡಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಪ್ರೋಗ್ರಾಂ, ಹಾಕಿಸುತ್ತಾ ಓಡಾಡಿದೆ. ಡ್ರೈವರಿನಿಂದ ವಾಸಿಯಾದವರು ಮೂರೇ ಜನ.

ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ ಅಂದಿದ್ದೇ ತಪ್ಪು

ವಾರ ಮೊದಲೇ ಗುಂಪಿಗೆ ಮೆಸೇಜ್ ಹಾಕಿದ್ದೆ: "ಎಲ್ಲರೂ ಆರ್ಡುಯಿನೊ ಐಡಿಇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ." ಬೋರ್ಡಿಗೆ ಪ್ರೋಗ್ರಾಂ ಬರೆದು ಕಳಿಸುವ ಸಾಫ್ಟ್‌ವೇರ್ ಅದು. ಹೆಚ್ಚಿನವರು ಮಾಡಿಕೊಂಡೇ ಬಂದಿದ್ದರು, ಪಾಪ. ಆದರೆ ಆ ಮೆಸೇಜಿನಲ್ಲೇ ಎಡವಟ್ಟಿತ್ತು.

ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನ ಡಿಸೈನ್ ಶಾಲೆಯಲ್ಲಿ. ಎಲೆಕ್ಟ್ರಾನಿಕ್ಸ್ ಓದದವರೂ ಬಳಸಲಿ ಅಂತ ಮಾಡಿದ್ದು. ಹಾಗಾಗಿ ಒಳಗಿನ ಗೋಜಲನ್ನೆಲ್ಲ ಮುಚ್ಚಿ, ಎರಡು ಗುಂಡಿ ಮಾತ್ರ ಮುಂದಿಟ್ಟಿದ್ದಾರೆ. ಒಂದು ಬರೆದದ್ದು ಸರಿ ಇದೆಯಾ ಅಂತ ನೋಡಲು, ಇನ್ನೊಂದು ಬೋರ್ಡಿಗೆ ಕಳಿಸಲು. 2022ರ ಸೆಪ್ಟೆಂಬರಿನಲ್ಲಿ ಬಂದ 2.0 ಆವೃತ್ತಿ ಇನ್ನೂ ಚಂದ ಇದೆ. ಆದರೆ ಐಡಿಇ ಅನ್ನುವುದು ಅಂಗಡಿಯ ಮುಂಗಟ್ಟೆ ಅಷ್ಟೇ. ಮಾಲೆಲ್ಲ ಹಿಂದಿನ ಗೋದಾಮಿನಲ್ಲಿದೆ.

ಆ ಗೋದಾಮಿನಲ್ಲಿ ಏನೇನಿದೆ? ಇಎಸ್‌ಪಿ32 ಶಾಂಘೈಯ ಎಸ್‌ಪ್ರೆಸಿಫ್ ಕಂಪನಿಯ ಚಿಪ್, 2016ರಲ್ಲಿ ಬಂದದ್ದು. ಹಳೆಯ ಆರ್ಡುಯಿನೊ ಉನೊ ಬೋರ್ಡಿನ ಚಿಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಹಾಗಾಗಿ ಇದರ ಕಂಪೈಲರನ್ನು, ಅಂದರೆ ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಸಲಕರಣೆಯನ್ನು, ಐಡಿಇಯ ಬೋರ್ಡ್ಸ್ ಮ್ಯಾನೇಜರಿನಿಂದ ಬೇರೆಯಾಗಿ ಇಳಿಸಬೇಕು. ಅಲ್ಲೂ ಒಂದು ಗುಂಡಿ ತೋಡಿಟ್ಟಿದೆ. ಇಎಸ್‌ಪಿ32 ಅಂತ ಹುಡುಕಿದರೆ ಎರಡು ಹೆಸರು ಬರುತ್ತವೆ. ಒಂದು ಆರ್ಡುಯಿನೊದವರೇ ಮಾರುವ ಬೋರ್ಡುಗಳದ್ದು, ಇನ್ನೊಂದು ಎಸ್‌ಪ್ರೆಸಿಫ್‌ನದ್ದು. ನಮಗೆ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ಹಾಕಿಕೊಂಡು ಬಂದ ಇಬ್ಬರು "ನಮ್ಮ ಬೋರ್ಡಿನ ಹೆಸರೇ ಪಟ್ಟಿಯಲ್ಲಿ ಇಲ್ಲ" ಅಂತ ಕೂತಿದ್ದರು.

ಕಂಪೈಲ್ ಆದದ್ದನ್ನು ಬೋರ್ಡಿಗೆ ಬರೆಯುವುದು ಇಎಸ್‌ಪಿಟೂಲ್ ಎಂಬ ಇನ್ನೊಂದು ಸಲಕರಣೆ. ಪೈಥಾನಿನಲ್ಲಿ ಬರೆದದ್ದು, ಆ ಪ್ಯಾಕೇಜಿನ ಜೊತೆಗೇ ಬರುತ್ತದೆ. ಅದು ಬೋರ್ಡನ್ನು ಮುಟ್ಟಬೇಕಾದರೆ ನಡುವೆ ಒಂದು ದುಭಾಷಿ ಬೇಕು. ಯಾಕೆಂದರೆ ಮೊದಲ ಇಎಸ್‌ಪಿ32 ಚಿಪ್ಪಿಗೆ ಯುಎಸ್‌ಬಿ ಭಾಷೆ ಬರುವುದಿಲ್ಲ, ಸೀರಿಯಲ್ ಎಂಬ ಹಳೆಯ ಭಾಷೆ ಮಾತ್ರ ಗೊತ್ತು. ಅದಕ್ಕಾಗಿ ಬೋರ್ಡಿನ ಮೇಲೆ ಯುಎಸ್‌ಬಿ ಕಿಂಡಿಯ ಪಕ್ಕದಲ್ಲೇ ಒಂದು ಪುಟ್ಟ ಕಪ್ಪು ಚಿಪ್ ಇರುತ್ತದೆ. ನನ್ನ ಮೊದಲ ಕಂತಿನ ಬೋರ್ಡುಗಳಲ್ಲಿ ಅದು ಸಿಎಚ್340, ಚೀನಾದ ನಾನ್‌ಜಿಂಗಿನ ಕಂಪನಿಯದ್ದು. ಎರಡನೇ ಕಂತಿನಲ್ಲಿ ಸಿಪಿ2102, ಅಮೆರಿಕದ ಸಿಲಿಕಾನ್ ಲ್ಯಾಬ್ಸಿನದ್ದು. ನಾನು ಹೇಳಿದ ಚಿಕ್ಕ ವ್ಯತ್ಯಾಸ ಇದೇ. ಈ ದುಭಾಷಿಯ ಜೊತೆ ಮಾತಾಡಲು ಕಂಪ್ಯೂಟರಿಗೆ ಡ್ರೈವರ್ ಬೇಕು. ಡ್ರೈವರ್ ಇದ್ದರೂ ಅದನ್ನು ಬಳಸಲು ನಿಮಗೆ ಅನುಮತಿ ಬೇಕು. ಎಲ್ಲಕ್ಕೂ ಮೊದಲು ನೆಟ್ಟಗಿರುವ ಕೇಬಲ್ ಬೇಕು.

ಅಂದರೆ ಗುಂಡಿ ಒತ್ತುವ ಬೆರಳಿನಿಂದ ನೀಲಿ ದೀಪದ ತನಕ ಆರೇಳು ಬಾಗಿಲು. ಒಂದೊಂದು ಆಪರೇಟಿಂಗ್ ಸಿಸ್ಟಂ ಒಂದೊಂದು ಬಾಗಿಲಿಗೆ ಚಿಲಕ ಹಾಕಿರುತ್ತದೆ. ಹೊರಗೆ ನಿಂತವರಿಗೆ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ.

ಇಂಟರ್‌ನೆಟ್ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಕೇಜ್ ನೂರಾರು ಎಂಬಿ. ತಲೆಗೆ ಅರ್ಧ ಜಿಬಿ ಅಂತ ಹಿಡಿದರೂ 30 ಯಂತ್ರಕ್ಕೆ 15 ಜಿಬಿ. ಕಾಲೇಜಿನ ವೈಫೈ ಐದೇ ನಿಮಿಷಕ್ಕೆ ಮಕಾಡೆ ಮಲಗಿತು. ಆಗ ನೆನಪಾದದ್ದು ಹಳೆಯ ಉಪಾಯ. ಐಡಿಇ ಇಳಿಸಿಕೊಂಡ ಕಟ್ಟುಗಳನ್ನೆಲ್ಲ ಆರ್ಡುಯಿನೊ15 ಎಂಬ ಫೋಲ್ಡರಿನೊಳಗೆ ಸ್ಟೇಜಿಂಗ್, ಅದರೊಳಗೆ ಪ್ಯಾಕೇಜಸ್ ಎಂಬ ಜಾಗದಲ್ಲಿ ಇಟ್ಟಿರುತ್ತದೆ. ಒಂದು ಯಂತ್ರದಲ್ಲಿ ಪೂರ್ತಿ ಇಳಿಸಿ, ಆ ಕಟ್ಟುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಉಳಿದವರ ಅದೇ ಜಾಗಕ್ಕೆ ಹಾಕಿದರೆ ಸಾಕು. ಐಡಿಇ ಅವುಗಳ ಲೆಕ್ಕ ತಾಳೆ ನೋಡಿ, ಸರಿ ಇದ್ದರೆ ಮತ್ತೆ ಇಳಿಸುವುದಿಲ್ಲ. ಪಟ್ಟಿಯ ಚಿಕ್ಕ ಫೈಲಿಗೆ ಮಾತ್ರ ಫೋನಿನ ಹಾಟ್‌ಸ್ಪಾಟ್ ಸಾಕು. ಆದರೆ ಕಂಪೈಲರು ವಿಂಡೋಸಿಗೆ ಬೇರೆ, ಲಿನಕ್ಸಿಗೆ ಬೇರೆ, ಮ್ಯಾಕಿಗೆ ಬೇರೆ. ಹಾಗಾಗಿ ಮೂರು ಪೆನ್‌ಡ್ರೈವ್. ಒಬ್ಬ ಹುಡುಗ ಅವಕ್ಕೆ ಮೂರು ಬಣ್ಣದ ದಾರ ಕಟ್ಟಿದ. ಆ ದಿನ ನಡೆದ ಅತಿ ಬುದ್ಧಿವಂತಿಕೆಯ ಕೆಲಸ ಅದೇ ಇರಬೇಕು.

ವಿಂಡೋಸ್: ಮೊದಲು ಕಿವಿ ಕೊಡಿ

17 ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 9ಕ್ಕೆ ಏನೂ ಮಾಡಬೇಕಾಗಲಿಲ್ಲ. ಬೋರ್ಡ್ ಚುಚ್ಚಿದ ಕೂಡಲೇ ಕಾಮ್ 3, ಕಾಮ್ 5 ಅಂತ ಪೋರ್ಟ್ ಬಂತು.

ಮೂರರಲ್ಲಿ ಏನೂ ಆಗಲಿಲ್ಲ. ಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. "ಕರೆಂಟ್ ಬರ್ತಿದೆ ಸರ್, ಕೇಬಲ್ ಸರಿ ಇದೆ" ಅಂತ ವಾದ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಟ್ರಿಮ್ಮರು, ಬ್ಲೂಟೂತ್ ಸ್ಪೀಕರಿನ ಜೊತೆ ಬರುವ ಎಷ್ಟೋ ಕೇಬಲುಗಳಲ್ಲಿ ಎರಡೇ ತಂತಿ ಇರುತ್ತವೆ, ಚಾರ್ಜಿಗೆ ಮಾತ್ರ. ಮಾಹಿತಿ ಹೋಗುವ ಇನ್ನೆರಡು ತಂತಿ ಇರುವುದೇ ಇಲ್ಲ. ವಿಂಡೋಸಿನಲ್ಲಿ ಇದನ್ನು ಹಿಡಿಯಲು ಕಣ್ಣಿಗಿಂತ ಕಿವಿ ಒಳ್ಳೆಯದು. ಹೊಸ ಸಾಧನ ಚುಚ್ಚಿದಾಗ "ಟುಡುಂ" ಅಂತ ಸದ್ದು ಬರುತ್ತದಲ್ಲ, ಅದು ಬರದಿದ್ದರೆ ಡ್ರೈವರಿನ ಮಾತೇ ಬೇಡ. ಕೇಬಲ್ ಬದಲಿಸಿ. ನಾನು ಇದಕ್ಕೂ ಮುಂಚೆ ಆ ಮೂವರಿಗೂ ಡ್ರೈವರ್ ಹಾಕಿಸಿದ್ದೆ. ಒಬ್ಬನಿಗೆ ಎರಡು ಸಲ.

ಇನ್ನು ಮೂರರಲ್ಲಿ ಸದ್ದು ಬಂತು, ಪೋರ್ಟ್ ಬರಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಸಿಪಿ2102ರ ಹೆಸರು, ಪಕ್ಕದಲ್ಲಿ ಹಳದಿ ತ್ರಿಕೋನ. ನಿಜವಾಗಿ ಡ್ರೈವರ್ ಬೇಕಿದ್ದವರು ಇವರು. ವಿಂಡೋಸ್ ಅಪ್‌ಡೇಟ್ ಇಂಥ ಡ್ರೈವರನ್ನು ತಾನೇ ಹುಡುಕಿ ತರಬಲ್ಲದು, ಆದರೆ ನೆಟ್ಟೇ ಇಲ್ಲದಾಗ ಎಲ್ಲಿಂದ ತಂದೀತು? ಸಿಲಿಕಾನ್ ಲ್ಯಾಬ್ಸಿನ ಡ್ರೈವರ್ ಪೆನ್‌ಡ್ರೈವಿನಲ್ಲಿತ್ತು. ಹಾಕಿದ ಎರಡು ನಿಮಿಷಕ್ಕೆ ಸರಿಯಾಯಿತು.

ಒಬ್ಬ ಹುಡುಗ ತುಂಬಾ ಓದಿಕೊಂಡಿದ್ದ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿ, ಅದರೊಳಗೆ ಉಬುಂಟು ಹಾಕಿ, ಅದರೊಳಗೆ ಎಲ್ಲವನ್ನೂ ಜೋಡಿಸಿಕೊಂಡು ಬಂದಿದ್ದ. ಕಂಪೈಲ್ ಚೆನ್ನಾಗಿ ಆಗುತ್ತಿತ್ತು, ಪೋರ್ಟ್ ಮಾತ್ರ ಇಲ್ಲ. ಡಬ್ಲ್ಯುಎಸ್‌ಎಲ್ 2 ಒಂದು ಮನೆಯೊಳಗಿನ ಮನೆ. ಹೊರಗಿನ ಯುಎಸ್‌ಬಿ ಅದಕ್ಕೆ ತಾನಾಗಿ ಕಾಣುವುದಿಲ್ಲ, ಯುಎಸ್‌ಬಿಐಪಿಡಿ ಎಂಬ ಇನ್ನೊಂದು ಸಲಕರಣೆಯಿಂದ ದಾಟಿಸಬೇಕು. ಅದನ್ನು ಕಲಿಸುವ ಪುರುಸೊತ್ತು ಇರಲಿಲ್ಲ. "ಇವತ್ತಿಗೆ ಸುಮ್ನೆ ವಿಂಡೋಸಿನಲ್ಲೇ ಹಾಕಪ್ಪಾ" ಅಂದೆ. ಅವನಿಗೆ ಬೇಜಾರಾಯಿತು. ಭಾನುವಾರ ಬೆಳಿಗ್ಗೆ ಬರುವಾಗ ಅದನ್ನೂ ಮಾಡಿಕೊಂಡೇ ಬಂದಿದ್ದ!

ಲೆಕ್ಕ ಹಾಕಿದವರಿಗೆ ಇನ್ನೊಂದು ವಿಂಡೋಸ್ ಉಳಿದಿದೆ ಅಂತ ಗೊತ್ತಾಗಿರುತ್ತದೆ. 4.45ರ ತನಕ ಕಾಯಿಸಿದ್ದು ಅದೇ.

ಮ್ಯಾಕ್: ಒಂದು ಪ್ರಶ್ನೆಗೆ "ಬೇಡ" ಅಂದರೆ

ಮ್ಯಾಕ್ ಮೂರೇ ಇದ್ದವು, ಮೂರಕ್ಕೂ ಮೂರು ಕಾಯಿಲೆ.

ಮೊದಲನೆಯದರಲ್ಲಿ ಬೋರ್ಡಿನ ದೀಪವೇ ಹತ್ತಲಿಲ್ಲ. ಎರಡೂ ತುದಿಗೆ ಟೈಪ್ ಸಿ ಇರುವ ಕೇಬಲ್, ಎರಡನೇ ಕಂತಿನ ಬೋರ್ಡಿನಲ್ಲೂ ಟೈಪ್ ಸಿ ಕಿಂಡಿ. ಆದರೆ ಸಿ ಕಿಂಡಿಯ ನಿಯಮದ ಪ್ರಕಾರ "ನನಗೆ ಕರೆಂಟ್ ಬೇಕು" ಅಂತ ಹೇಳಲು ಬೋರ್ಡಿನಲ್ಲಿ 5.1 ಕಿಲೋಓಮಿನ ಎರಡು ರೆಸಿಸ್ಟರ್ ಇರಬೇಕು. ಅಗ್ಗದ ಬೋರ್ಡುಗಳಲ್ಲಿ ಕಾಸು ಉಳಿಸಲು ಅವನ್ನು ಹಾಕುವುದೇ ಇಲ್ಲ. ಬೋರ್ಡ್ ಕೇಳುವುದಿಲ್ಲ, ಮ್ಯಾಕ್ ಕೊಡುವುದಿಲ್ಲ. ಮಧ್ಯೆ ಒಂದು ಹಬ್ ಇಟ್ಟು, ಹಳೆಯ ಅಗಲ ಕಿಂಡಿಯಿಂದ ಕೇಬಲ್ ಎಳೆದಾಗ ಹತ್ತಿತು.

ಎರಡನೆಯದು ಆಪಲ್ ಸಿಲಿಕಾನಿನ, ಅಂದರೆ ಆಪಲ್ಲಿನದೇ ಚಿಪ್ಪಿನ, ಲ್ಯಾಪ್‌ಟಾಪ್. ವೆಂಚುರಾ ಆವೃತ್ತಿಯಿಂದ ಈಚೆಗೆ ಇವು ಹೊಸ ಸಾಧನ ಚುಚ್ಚಿದಾಗ "ಒಳಗೆ ಬಿಡಲಾ?" ಅಂತ ಕೇಳುತ್ತವೆ. ಆ ಹುಡುಗಿ ಬೋರ್ಡ್ ಚುಚ್ಚಿದಾಗ ಯಾವುದೋ ಯೋಚನೆಯಲ್ಲಿ ಬೇಡ ಅಂದಿದ್ದಳು. ಬೇಡ ಅಂದರೂ ಕರೆಂಟ್ ಹೋಗುತ್ತದೆ, ಮಾಹಿತಿ ಮಾತ್ರ ಹೋಗುವುದಿಲ್ಲ. ಚಾರ್ಜ್ ಕೇಬಲಿನ ಕಥೆಯೇ, ವೇಷ ಬೇರೆ. ಬೋರ್ಡ್ ಕಿತ್ತು ಮತ್ತೆ ಚುಚ್ಚಿ ಹೂಂ ಅಂದಾಗ ಪೋರ್ಟ್ ಬಂತು.

ಮೂರನೆಯದರಲ್ಲಿ ಪೋರ್ಟ್ ಇತ್ತು, ಕಂಪೈಲ್ ಆಗಲಿಲ್ಲ. ಈ ಸಿಪಿಯುಗೆ ಈ ಪ್ರೋಗ್ರಾಂ ಹೊಂದುವುದಿಲ್ಲ ಅನ್ನುವ ಅರ್ಥದ ಒಂದು ಸಾಲು. ಆರ್ಡುಯಿನೊ ಬಳಸುವ ಕೆಲವು ಸಣ್ಣ ಸಲಕರಣೆಗಳು ಮ್ಯಾಕಿನಲ್ಲಿ ಇಂಟೆಲ್ ಚಿಪ್ ಇದ್ದ ಕಾಲದವು. ಹೊಸ ಚಿಪ್ಪಿನಲ್ಲಿ ಅವು ಓಡಲು ಆಪಲ್ಲಿನ ರೊಸೆಟಾ ಎಂಬ ಅನುವಾದಕ ಬೇಕು. ಅದನ್ನು ಇಳಿಸಿದೆವು, ಮುಗಿಯಿತು. ಇಲ್ಲಿ ಒಂದು ಮಾತು ಸೇರಿಸಬೇಕು. ಸಿಎಚ್340ಕ್ಕೆ ಮ್ಯಾಕಿನಲ್ಲಿ ಡ್ರೈವರ್ ಹುಡುಕಲು ಹೋಗಬೇಡಿ. 2018ರ ಮೊಹಾವಿ ಆವೃತ್ತಿಯಿಂದ ಅದು ಒಳಗೇ ಇದೆ. ಹೊರಗಿನದನ್ನೂ ಹಾಕಿದರೆ ಒಂದೇ ಬೋರ್ಡಿಗೆ ಎರಡು ಪೋರ್ಟ್ ಕಂಡು ತಲೆ ಕೆಡುತ್ತದೆ.

ಉಬುಂಟು: ಡ್ರೈವರ್ ಇದೆ, ಬಾಗಿಲು ಮುಚ್ಚಿದೆ

ಉಬುಂಟು ಲಿನಕ್ಸಿನ ಒಂದು ಬಗೆ. ಲಿನಕ್ಸಿನಲ್ಲಿ ಡ್ರೈವರಿನ ತಲೆನೋವೇ ಇಲ್ಲ ಅಂತ ನಾನು ಮೊದಲ ದಿನದಿಂದ ಕೊಚ್ಚಿಕೊಂಡಿದ್ದೆ. ಅದು ನಿಜ. ಸಿಎಚ್340, ಸಿಪಿ2102 ಎರಡರ ಡ್ರೈವರೂ ಲಿನಕ್ಸಿನ ತಿರುಳಾದ ಕರ್ನೆಲಿನೊಳಗೇ ಇವೆ. ಆದರೂ ದಿನದ ಹೆಚ್ಚು ಹೊತ್ತು ತಿಂದದ್ದು ಲ್ಯಾಬಿನ ಆ ಎಂಟು ಉಬುಂಟು ಯಂತ್ರಗಳೇ.

ಮೊದಲು ಐಡಿಇಯೇ ತೆರೆಯಲಿಲ್ಲ. ಲಿನಕ್ಸಿಗೆ ಅದು ಆ್ಯಪ್‌ಇಮೇಜ್ ಎಂಬ ಒಂದೇ ಫೈಲಾಗಿ ಬರುತ್ತದೆ. ಎರಡು ಸಲ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಬೈಗುಳವೂ ಇಲ್ಲ. ಫೈಲಿಗೆ ಓಡುವ ಅನುಮತಿ ಕೊಟ್ಟರೂ ಅದೇ ಮೌನ. ಟರ್ಮಿನಲಿನಿಂದ ಓಡಿಸಿದಾಗ ಬಾಯಿ ಬಿಟ್ಟಿತು. ಅದಕ್ಕೆ ಫ್ಯೂಸ್ ಎಂಬ ಸಾಫ್ಟ್‌ವೇರಿನ 2ನೇ ಆವೃತ್ತಿ ಬೇಕು, ಉಬುಂಟು 22.04ರಲ್ಲಿ ತಾನಾಗಿ ಇರುವುದು 3ನೆಯದು. ಲಿಬ್‌ಫ್ಯೂಸ್2 ಎಂಬ ಚಿಕ್ಕ ಪ್ಯಾಕೇಜ್ ಹಾಕಿದರೆ ಆಯಿತು. ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಗೊತ್ತಿದ್ದದ್ದು ಲ್ಯಾಬ್ ನೋಡಿಕೊಳ್ಳುವವರಿಗೆ ಮಾತ್ರ. ಅವರು ನೆಂಟರ ಮದುವೆಗೆ ಹೋಗಿದ್ದರು. ಫೋನ್ ಹೋಗಲಿಲ್ಲ. ಮುಹೂರ್ತ ಮುಗಿದ ಮೇಲೆ ಅವರೇ ಮಾಡಿದರು, 12.10ಕ್ಕೆ. ವಾಲಗದ ಸದ್ದಿನ ನಡುವೆ ಪಾಸ್‌ವರ್ಡಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆವು.

ಆಮೇಲೆ ಅನುಮತಿ. ಕರ್ನೆಲ್ ಬೋರ್ಡನ್ನು ಗುರುತಿಸಿ ಟಿಟಿವೈಯುಎಸ್‌ಬಿ0 ಅಂತ ಹೆಸರು ಕೊಟ್ಟಿರುತ್ತದೆ. ಆದರೆ ಅದನ್ನು ಮುಟ್ಟುವ ಹಕ್ಕು ಡಯಲ್‌ಔಟ್ ಎಂಬ ಗುಂಪಿನವರಿಗೆ ಮಾತ್ರ. ಫೋನ್ ಲೈನಿನಲ್ಲಿ ಮೋಡೆಮ್ ಡಯಲ್ ಮಾಡುತ್ತಿದ್ದ ಕಾಲದ ಹೆಸರು ಇದು. ಯಾರ್‍ಯಾರೋ ಕೂತು ಹೊರಗೆ ಫೋನ್ ಮಾಡಿ ಬಿಲ್ ಏರಿಸಬಾರದಲ್ವಾ. ಮೋಡೆಮ್ ಹೋಯಿತು, ಬೀಗ ಉಳಿಯಿತು. ಬಳಕೆದಾರರನ್ನು ಆ ಗುಂಪಿಗೆ ಸೇರಿಸುವುದು ಒಂದೇ ಸಾಲಿನ ಆಜ್ಞೆ. ಆರ್ಚ್ ಲಿನಕ್ಸ್ ಬಳಸುವವರಿಗೆ ಗುಂಪಿನ ಹೆಸರು ಬೇರೆ, ಯುಯುಸಿಪಿ ಅಂತ.

ಸೇರಿಸಿದೆವು. ಐಡಿಇ ಮುಚ್ಚಿ ತೆರೆದೆವು. ಮತ್ತೆ ಅದೇ ಉತ್ತರ, ಅನುಮತಿ ಇಲ್ಲ. ಇಲ್ಲಿ ನನ್ನ ಇಪ್ಪತ್ತು ನಿಮಿಷ ಹೋಯಿತು. ಗುಂಪಿನ ಸದಸ್ಯತ್ವ ಲೆಕ್ಕಕ್ಕೆ ಬರುವುದು ಲಾಗಿನ್ ಆಗುವಾಗ. ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು. ಗೊತ್ತಿದ್ದ ವಿಷಯವೇ, ಗಡಿಬಿಡಿಯಲ್ಲಿ ಮರೆತಿದ್ದೆ.

ಲಾಗ್‌ಔಟ್ ಆಗಿ ಬಂದ ಮೇಲೆ ಇನ್ನೊಂದು ವಿಚಿತ್ರ. ಈಗ ಅನುಮತಿಯ ತಕರಾರಿಲ್ಲ, ಪೋರ್ಟೇ ಇಲ್ಲ! ಲ್ಯಾಬಿಗೆ ಕೊಟ್ಟಿದ್ದೆಲ್ಲ ಮೊದಲ ಕಂತಿನ ಸಿಎಚ್340 ಬೋರ್ಡು. ಚುಚ್ಚಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಪೋರ್ಟ್ ಬರುತ್ತದೆ, ಮಾಯವಾಗುತ್ತದೆ. ಬೋರ್ಡ್ ಕೆಟ್ಟಿದೆ ಅಂದುಕೊಂಡೆ. ಅದೇ ಬೋರ್ಡು ಪಕ್ಕದ ಹುಡುಗನ ವಿಂಡೋಸಿನಲ್ಲಿ ಓಡಿತು. ಇನ್ನೊಬ್ಬನ ಹಳೆಯ ಉಬುಂಟು 20.04ರ ಲ್ಯಾಪ್‌ಟಾಪಿನಲ್ಲೂ ಓಡಿತು. ಅಂದರೆ ಬೋರ್ಡಿನದಲ್ಲ, ಕೇಬಲಿನದಲ್ಲ, ಲಿನಕ್ಸಿನದೂ ಅಲ್ಲ. 22.04ರಲ್ಲೇ ಏನೋ ಇದೆ.

ಕರ್ನೆಲ್ ಲಾಗ್ ನೋಡಿದಾಗ ಕಳ್ಳ ಸಿಕ್ಕಿದ. ಬಿಆರ್‌ಎಲ್‌ಟಿಟಿವೈ ಅಂತ ಒಂದು ಹೆಸರು. ಇದು ಕಣ್ಣು ಕಾಣದವರು ಬಳಸುವ ಬ್ರೈಲ್ ಫಲಕಗಳನ್ನು ಕಂಪ್ಯೂಟರಿಗೆ ಜೋಡಿಸುವ ಪ್ರೋಗ್ರಾಂ, ಉಬುಂಟುವಿನ ಜೊತೆಗೇ ಬರುತ್ತದೆ. ಒಳ್ಳೆಯ ಉದ್ದೇಶದ್ದು. ಆದರೆ ಸಿಎಚ್340 ಬಳಸುವ ಒಂದು ಬ್ರೈಲ್ ಫಲಕವೂ ಇದೆ. ಯುಎಸ್‌ಬಿ ಗುರುತಿನ ಅಂಕೆ 1ಎ86, 7523. ನಮ್ಮ ಬೋರ್ಡಿನದ್ದೂ ಅದೇ ಅಂಕೆ. ಯಾಕೆಂದರೆ ಆ ಅಂಕೆ ಬೋರ್ಡಿನದಲ್ಲ, ದುಭಾಷಿ ಚಿಪ್ಪಿನದು. ನೂರು ಮನೆಯವರು ಒಂದೇ ಆಟೋದಲ್ಲಿ ಓಡಾಡಿದ ಹಾಗೆ. ಆಟೋ ನಂಬರ್ ನೋಡಿ ಒಳಗೆ ಯಾರಿದ್ದಾರೆ ಅಂತ ಹೇಳಲಾಗುವುದಿಲ್ಲ. ಆ ನಂಬರ್ ಕಂಡ ಕೂಡಲೇ ಬಿಆರ್‌ಎಲ್‌ಟಿಟಿವೈ "ಓ, ಬ್ರೈಲ್ ಫಲಕ ಬಂತು" ಅಂತ ಕರ್ನೆಲಿನ ಕೈಯಿಂದ ಬೋರ್ಡನ್ನು ಕಿತ್ತುಕೊಳ್ಳುತ್ತಿತ್ತು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಆ ಪ್ರೋಗ್ರಾಮನ್ನೇ ತೆಗೆದುಹಾಕುವುದು. ನಿಮ್ಮ ಸ್ವಂತ ಲ್ಯಾಪ್‌ಟಾಪಾದರೆ ಹಾಗೇ ಮಾಡಿ, ಅಡ್ಡಿ ಇಲ್ಲ. ಆದರೆ ಇದು ಕಾಲೇಜಿನ ಲ್ಯಾಬು. ಮುಂದಿನ ವರ್ಷ ಬ್ರೈಲ್ ಫಲಕ ಬಳಸುವ ವಿದ್ಯಾರ್ಥಿ ಬಂದರೆ ಅವರಿಗೆ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಆ ಪ್ರೋಗ್ರಾಮಿನ ಯುಡೆವ್ ನಿಯಮಗಳ ಫೈಲಿನಲ್ಲಿ, ಅಂದರೆ ಯಾವ ಸಾಧನ ಬಂದರೆ ಏನು ಮಾಡಬೇಕು ಅನ್ನುವ ಪಟ್ಟಿಯಲ್ಲಿ, ಆ ಒಂದು ಅಂಕೆಯ ಸಾಲನ್ನು ಮಾತ್ರ ನಿಷ್ಕ್ರಿಯ ಮಾಡಿದೆವು. ಮೂಲ ಫೈಲನ್ನು ಮುಟ್ಟಿದರೆ ಮುಂದಿನ ಅಪ್‌ಡೇಟ್ ಬಂದಾಗ ಮತ್ತೆ ಮೊದಲಿನಂತೆ ಆಗುತ್ತದೆ. ಅದರ ಪ್ರತಿ ತೆಗೆದು, ತಿದ್ದಿ, ಅದೇ ಹೆಸರಿನಲ್ಲಿ ಇಟಿಸಿಯೊಳಗಿನ ಯುಡೆವ್ ನಿಯಮಗಳ ಫೋಲ್ಡರಿನಲ್ಲಿ ಇಟ್ಟರೆ ಅದೇ ಮೇಲುಗೈ. ಎಂಟು ಯಂತ್ರಕ್ಕೂ ಮಾಡಿ, ಏನು ಮಾಡಿದೆವು ಅಂತ ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದೆವು. ಹೊತ್ತು ಮೂರು ದಾಟಿತ್ತು.

ಇನ್‌ಸ್ಟಾಲ್ ಅಲ್ಲದ ಇನ್‌ಸ್ಟಾಲ್ ತೊಂದರೆ

ಇಷ್ಟೆಲ್ಲ ಆದ ಮೇಲೂ ಐದು ಬೋರ್ಡುಗಳಲ್ಲಿ "ಕನೆಕ್ಟಿಂಗ್" ಅಂತ ಬಂದು, ಪಕ್ಕದಲ್ಲಿ ಚುಕ್ಕಿ ಚುಕ್ಕಿ ಚುಕ್ಕಿ. ಕೊನೆಗೆ ಸೋತೆ ಅನ್ನುತ್ತಿತ್ತು. ಮತ್ತೆ ಡ್ರೈವರ್ ಹಾಕಲು ಹೊರಟಿದ್ದ ಒಬ್ಬನ ಕೈ ಹಿಡಿದು ನಿಲ್ಲಿಸಿದೆ.

ಇಎಸ್‌ಪಿ32 ಎದ್ದೇಳುವಾಗ ತನ್ನ ಸೊನ್ನೆ ನಂಬರಿನ ಕಾಲು (ಪಿನ್) ಏನು ಹೇಳುತ್ತದೆ ಅಂತ ನೋಡುತ್ತದೆ. ಅದು ಗ್ರೌಂಡಿಗೆ ಜೋಡಿಸಿದ್ದರೆ ಹೊಸ ಪ್ರೋಗ್ರಾಂ ಪಡೆಯಲು ಕಾಯುತ್ತದೆ. ಇಲ್ಲದಿದ್ದರೆ ಹಳೆಯದನ್ನೇ ಓಡಿಸುತ್ತದೆ. ಇದನ್ನು ಇಎಸ್‌ಪಿಟೂಲ್ ದುಭಾಷಿ ಚಿಪ್ಪಿನ ಎರಡು ಸಂಕೇತಗಳಿಂದ ತಾನೇ ಮಾಡಿಸಬೇಕು. ಕೆಲವು ಬೋರ್ಡುಗಳಲ್ಲಿ ಆ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪುತ್ತದೆ. ಚುಕ್ಕಿಗಳು ಶುರುವಾದ ಕೂಡಲೇ ಬೋರ್ಡಿನ ಬೂಟ್ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸಾಕು. ದಿನಾ ಒತ್ತುವುದು ಬೇಜಾರಾದರೆ ಇಎನ್ ಕಾಲಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್. ಯಾವ ಆಪರೇಟಿಂಗ್ ಸಿಸ್ಟಂ ಆದರೂ ಇದು ಒಂದೇ.

ಆರು ಪ್ರಶ್ನೆ ಚಿಹ್ನೆ

ಈಗ ಆ ಕೊನೆಯ ಲ್ಯಾಪ್‌ಟಾಪ್. ಮೂರನೇ ಬೆಂಚಿನ ಹುಡುಗಿಯದ್ದು. ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ತಾನೇ ಒದ್ದಾಡುತ್ತಿದ್ದಳು. ವಿಂಡೋಸ್ 11, ಪರದೆಯೆಲ್ಲ ಕನ್ನಡದಲ್ಲಿತ್ತು. ಸೆಟ್ಟಿಂಗ್ಸ್ ಜಾಗದಲ್ಲಿ ಕನ್ನಡ ಕಂಡು ನನಗೆ ಖುಷಿಯೇ ಆಯಿತು. ಕೇಬಲ್ ಸರಿ ಇತ್ತು, ಸದ್ದು ಬಂತು, ಪೋರ್ಟ್ ಬಂತು. ಕಂಪೈಲ್ ಒತ್ತಿದರೆ ಕೆಂಪು ಅಕ್ಷರಗಳ ಮಳೆ. ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ ಅಂತ ದೂರು.

ಪ್ಯಾಕೇಜ್ ಅರ್ಧ ಇಳಿದಿರಬೇಕು ಅಂತ ಅಳಿಸಿ ಮತ್ತೆ ಹಾಕಿದೆ. ಅದೇ ದೂರು. ಐಡಿಇಯನ್ನೇ ತೆಗೆದು ಹಾಕಿದೆ. ಅದೇ. ಆ್ಯಂಟಿವೈರಸ್ ಫೈಲ್ ನುಂಗಿರಬಹುದು ಅಂತ ಅದನ್ನೂ ನೋಡಿದೆ. ಮುಕ್ಕಾಲು ಗಂಟೆ ಹೀಗೆ ಹೋಯಿತು. ಇಷ್ಟು ಹೊತ್ತು ನಾನು ಮಾಡದೇ ಇದ್ದ ಕೆಲಸ ಒಂದೇ, ಆ ಕೆಂಪು ಸಾಲನ್ನು ಬಲಗಡೆ ತುದಿಯ ತನಕ ಓದುವುದು.

ಓದಿದವಳು ಅವಳೇ. "ಸರ್, ಇಲ್ಲಿ ನನ್ನ ಹೆಸರಿರಬೇಕಿತ್ತು" ಅಂದಳು. ಸಿ ಡ್ರೈವ್, ಯೂಸರ್ಸ್, ಅದಾದ ಮೇಲೆ ಸಾಲಾಗಿ ಆರು ಪ್ರಶ್ನೆ ಚಿಹ್ನೆ.

ಲ್ಯಾಪ್‌ಟಾಪ್ ತಂದ ದಿನ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಲೋಕಲ್ ಖಾತೆ ಮಾಡಿ, ಹೆಸರು ಕೇಳಿದ ಕಡೆ ಕನ್ನಡದಲ್ಲೇ ಟೈಪ್ ಮಾಡಿದ್ದಳು. ವಿಂಡೋಸ್ ಆ ಹೆಸರಿನಲ್ಲೇ ಫೋಲ್ಡರ್ ಮಾಡಿತ್ತು. ನಮ್ಮ ಕಣ್ಣಿಗೆ ಅದು ಮೂರಕ್ಷರದ ಹೆಸರು. ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ವ್ಯಂಜನ, ಮೂರು ಸ್ವರ ಚಿಹ್ನೆ, ಒಟ್ಟು ಆರು ಸಂಕೇತ. ಅದಕ್ಕೇ ಆರು ಪ್ರಶ್ನೆ ಚಿಹ್ನೆ. ಆರ್ಡುಯಿನೊದ ಪ್ಯಾಕೇಜ್, ಕಂಪೈಲರ್, ಕಂಪೈಲ್ ಮಾಡುವಾಗಿನ ತಾತ್ಕಾಲಿಕ ಫೈಲುಗಳು, ಎಲ್ಲವೂ ಇರುವುದು ಆ ಫೋಲ್ಡರಿನೊಳಗೇ.

ವಿಂಡೋಸಿಗೆ ಯುನಿಕೋಡ್ ಚೆನ್ನಾಗಿ ಗೊತ್ತು. ಆದರೆ ಹಳೆಯ ರೀತಿಯಲ್ಲಿ ಕಟ್ಟಿದ ಪ್ರೋಗ್ರಾಂಗಳು ಕೋಡ್ ಪೇಜ್ ಎಂಬ ಹಳೆಯ ಪಟ್ಟಿಯ ಮೂಲಕ ಫೈಲಿನ ಹೆಸರು ಕೇಳುತ್ತವೆ. ನಾವು ಬಳಸಿದ ಕಂಪೈಲರು ಆ ಜಾತಿಯದು. ರಷ್ಯನ್ನರಿಗೆ ಆ ಪಟ್ಟಿಯಲ್ಲಿ 1251 ಅಂತ ಜಾಗ ಇದೆ, ಗ್ರೀಕರಿಗೆ 1253, ಥಾಯ್ ಭಾಷೆಗೆ 874. ಅವರು ಸಿಸ್ಟಂ ಭಾಷೆ ಬದಲಿಸಿಕೊಂಡು ಹೇಗೋ ದಾಟುತ್ತಾರೆ. ಕನ್ನಡಕ್ಕೆ ಹಾಗೆ ಸಿಸ್ಟಂ ಭಾಷೆಯಾಗಿ ಬದಲಿಸಿಕೊಳ್ಳುವ ಅಂಕೆಯೇ ಇಲ್ಲ. ಹಿಂದಿ, ತಮಿಳಿಗೂ ಇಲ್ಲ. ನಮ್ಮ ಲಿಪಿಗಳು ವಿಂಡೋಸಿಗೆ ಬಂದದ್ದೇ ಯುನಿಕೋಡಿನ ಜೊತೆ, ಹಳೆಯ ಪಟ್ಟಿಯ ಕಾಲ ಮುಗಿಯುತ್ತಾ ಬಂದಾಗ. ಪಟ್ಟಿಯಲ್ಲಿ ಇಲ್ಲದ ಅಕ್ಷರ ಕಂಡರೆ ಪ್ರಶ್ನೆ ಚಿಹ್ನೆ ಹಾಕು ಅನ್ನುವುದು ಅದರ ರೂಢಿ. ಹೊಸ ಕಂಪೈಲರುಗಳಲ್ಲಿ ಇದು ನಿಧಾನಕ್ಕೆ ಸರಿಹೋಗುತ್ತಿದೆ. ಆ ಸಂಜೆಗೆ ಅದರಿಂದ ಪ್ರಯೋಜನ ಇರಲಿಲ್ಲ.

ಸೆಟ್ಟಿಂಗ್ಸಿನಲ್ಲಿ ಖಾತೆಯ ಹೆಸರು ಬದಲಿಸಿದರೆ ಸಾಕಲ್ಲ ಅಂದ ಪಕ್ಕದವನು. ಸಾಲದು. ಅದು ಬಾಗಿಲಿನ ನಾಮಫಲಕದ ಹೆಸರಿನ ಹಾಗೆ, ಫೋಲ್ಡರಿನ ಹೆಸರು ಹಾಗೇ ಉಳಿಯುತ್ತದೆ. ಇಡೀ ವಿಂಡೋಸನ್ನು ಯುನಿಕೋಡಿನ ಒಂದು ರೂಪವಾದ ಯುಟಿಎಫ್-8ಕ್ಕೆ ತಿರುಗಿಸುವ ಒಂದು ಆಯ್ಕೆ ಇದೆ, ಪಕ್ಕದಲ್ಲಿ ಇನ್ನೂ ಬೀಟಾ ಅಂತ ಬರೆದಿರುತ್ತಾರೆ. ಬೇರೆಯವರ ಲ್ಯಾಪ್‌ಟಾಪಿನಲ್ಲಿ ಅದನ್ನು ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಪ್ಯಾಕೇಜಿನ ಜಾಗವನ್ನು ಐಡಿಇಯ ಸೆಟ್ಟಿಂಗ್ ಫೈಲಿನಲ್ಲಿ ನೇರ ಸಿ ಡ್ರೈವಿಗೆ ಬದಲಿಸಬಹುದು, ಆದರೆ ತಾತ್ಕಾಲಿಕ ಫೈಲುಗಳಿಗೂ ಬೇರೆ ದಾರಿ ಮಾಡಬೇಕು. ಕೊನೆಗೆ ಸುಲಭದ್ದನ್ನೇ ಆರಿಸಿದೆವು. ಇಂಗ್ಲಿಷ್ ಅಕ್ಷರಗಳಲ್ಲಿ ಲ್ಯಾಬ್ ಅಂತ ಹೆಸರಿಟ್ಟು ಇನ್ನೊಂದು ಲೋಕಲ್ ಖಾತೆ. ಅದರೊಳಗೆ ಹೊಸದಾಗಿ ಎಲ್ಲ. ಅವಳ ಹಳೆಯ ಖಾತೆ, ಫೋಟೋ, ಫೈಲು ಯಾವುದನ್ನೂ ಮುಟ್ಟಲಿಲ್ಲ. 4.45ಕ್ಕೆ ನೀಲಿ ದೀಪ.

"ಕನ್ನಡದಲ್ಲಿ ಹೆಸರಿಟ್ಟಿದ್ದು ನನ್ನದೇ ತಪ್ಪಾ ಸರ್?" ಅಂತ ಕೇಳಿದಳು. ಅಲ್ಲ ಅಂದೆ. ಆದರೆ ಮುಂದಿನ ಬ್ಯಾಚಿಗೆ ಕೊಡುವ ಹಾಳೆಯಲ್ಲಿ ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ ಅಂತ ಬರೆಯುವವನೂ ನಾನೇ ಅಂತ ಆಗಲೇ ಗೊತ್ತಿತ್ತು.

ಮುಂದಿನ ಬ್ಯಾಚಿಗೆ

ಈಗ "ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ" ಅನ್ನುವುದಿಲ್ಲ. "ಎಸ್‌ಪ್ರೆಸಿಫ್‌ನ ಪ್ಯಾಕೇಜ್ ಹಾಕಿ, ದೀಪ ಮಿನುಗಿಸುವ ಬ್ಲಿಂಕ್ ಉದಾಹರಣೆಯನ್ನು ಕಂಪೈಲ್ ಮಾಡಿ, ಕೊನೆಯ ಸಾಲಿನ ಫೋಟೋ ಕಳಿಸಿ" ಅನ್ನುತ್ತೇನೆ. ಕಂಪೈಲಿಗೆ ಬೋರ್ಡೇ ಬೇಡ. ತಪ್ಪು ಪ್ಯಾಕೇಜು, ಅರ್ಧ ಇಳಿದದ್ದು, ರೊಸೆಟಾ, ಫ್ಯೂಸ್, ಪ್ರಶ್ನೆ ಚಿಹ್ನೆ, ಎಲ್ಲ ಮನೆಯಲ್ಲೇ ಸಿಕ್ಕಿಬೀಳುತ್ತವೆ. ಕಾರ್ಯಾಗಾರಕ್ಕೆ ಉಳಿಯುವುದು ಕೇಬಲ್, ಡ್ರೈವರ್, ಅನುಮತಿ. ಕೇಬಲನ್ನು ನಾನೇ ಒಯ್ಯುತ್ತೇನೆ. ಒಂದೊಂದನ್ನೂ ಪರೀಕ್ಷೆ ಮಾಡಿ, ತುದಿಗೆ ಕೆಂಪು ಉಗುರುಬಣ್ಣ ಹಚ್ಚಿದ್ದು. ಬೋರ್ಡೆಲ್ಲ ಒಂದೇ ಕಂತಿನದು. ಲ್ಯಾಬಿನ ಪಾಸ್‌ವರ್ಡ್ ಇರುವವರ ಕಡೆಯ ಮದುವೆ ಯಾವಾಗ ಅಂತಲೂ ಮೊದಲೇ ಕೇಳಿಕೊಳ್ಳುತ್ತೇನೆ.

ಆ ಭಾನುವಾರ ಮಧ್ಯಾಹ್ನ ಎಲ್ಲರೂ ಮಣ್ಣಿನ ಲೋಟಕ್ಕೆ ಸೆನ್ಸರ್ ಚುಚ್ಚಿ ಅಂಕಿ ನೋಡುತ್ತಿದ್ದರು. ಮೂರನೇ ಬೆಂಚಿನ ಹತ್ತಿರ ನಾಲ್ಕು ಜನ ಗುಂಪು ಕಟ್ಟಿದ್ದರು. ಹೋಗಿ ನೋಡಿದೆ. ಬೋರ್ಡ್ ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರಿನಲ್ಲಿ ಸೆಕೆಂಡಿಗೆ ಒಂದು ಸಾಲು, ಮೊದಲು ಅವಳ ಹೆಸರು, ಆಮೇಲೆ "ಮಣ್ಣಿನ ತೇವ", ಆಮೇಲೆ ಅಂಕಿ. ಎಲ್ಲ ಕನ್ನಡದಲ್ಲಿ. ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಹೆಸರನ್ನು ನೇರವಾಗಿ ಟೈಪ್ ಮಾಡಿದ್ದಳು, ಅಷ್ಟೇ. ಫೋಲ್ಡರಿನ ಹೆಸರಾಗಿ ಕಣ್ಣಿಗೇ ಬೀಳದಿದ್ದ ಆರು ಸಂಕೇತಗಳನ್ನು ಅದೇ ಕಂಪೈಲರು ಒಂದೊಂದಕ್ಕೆ 3 ಬೈಟಿನ ಹಾಗೆ 18 ಬೈಟ್ ಎಣಿಸಿ, ಏನೂ ಕೇಳದೆ ಬೋರ್ಡಿಗೆ ದಾಟಿಸಿತ್ತು.